ಗೋಧಿ ಹಾಡು, ಜೋಳದ ಹಾಡು

ಸ್ಟುಡಿಯೋದ ದಪ್ಪ ಬಾಗಿಲು ಮುಚ್ಚಿಕೊಂಡಾಗ ಗಿರಣಿ ಅಕ್ಕನಿಗೆ ಮೊದಲು ಕೇಳಿಸಿದ್ದು ತಾನೇ ಉಗುಳು ನುಂಗಿದ ಸದ್ದು. ಅಷ್ಟು ನಿಶ್ಶಬ್ದವಾದ ಕೋಣೆಯಲ್ಲಿ ಅವಳು ಹುಟ್ಟಿದಾಗಿನಿಂದ ನಿಂತವಳಲ್ಲ. ಗೋಡೆಗೆಲ್ಲ ಹಾಸಿಗೆಯಂಥ ಸ್ಪಂಜು, ನೆಲಕ್ಕೆ ಜಮಖಾನ, ಎದುರಿಗೆ ಗಾಜು. ಗಾಜಿನಾಚೆ ಕೂತಿದ್ದ ದಢೂತಿ ಮನುಷ್ಯ ಬೆರಳೆತ್ತಿ ಶುರು ಮಾಡಿ ಎಂದು ಸನ್ನೆ ಮಾಡಿದ. ಅವಳು ಬಾಯಿ ತೆರೆದಳು. ಹೊರಬಂದದ್ದು ಜ್ವರದ ಮಗು ನೀರು ಕೇಳುವಂಥ ದನಿ.

ಮತ್ತೆ ಮಾಡಿದಳು. ಈ ಸಲ ದನಿ ನಡುವೆಯೇ ಸೀಳಿ ನಿಂತುಹೋಯಿತು.

ಇದೇ ಹೆಂಗಸು ಹಾಡಿದರೆ ಅವಳ ಬೀದಿಯಲ್ಲಿ ನಾಯಿಗಳು ಎದ್ದು ಜಾಗ ಬದಲಾಯಿಸುತ್ತಿದ್ದವು. 'ಹೊಟ್ಟು' ಎನ್ನುವುದು ಅವರ ತಂಡದ ಹೆಸರು, ಇದ್ದವರು ನಾಲ್ಕೇ ಜನ. ಗಿಟಾರ್ ಅವಳ ಮೈದುನನದು, ಮೊಬೈಲ್ ರಿಪೇರಿ ಅಂಗಡಿಯವನು. ಡ್ರಮ್ಸ್ ಬಾರಿಸುವವನು ಪಕ್ಕದ ಟೈರ್ ಅಂಗಡಿಯವನು, ಎಲ್ಲರ ಬಾಯಲ್ಲೂ ಅವನು 'ಪಂಕ್ಚರ್'. ಬೇಸ್ ಗಿಟಾರ್ ಹಿಡಿದವರು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಹಾಡು ಕಟ್ಟುವುದು, ಹಾಡುವುದು ಅವಳ ಕೆಲಸ. ಹೊಟ್ಟೆಪಾಡಿಗೆ ಅವಳು ಅತ್ತೆಯ ಜೊತೆ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಗಂಡ ಲಾರಿ ಡ್ರೈವರು, ಮನೆಗಿಂತ ರಸ್ತೆಯಲ್ಲೇ ಹೆಚ್ಚು ಇರುತ್ತಿದ್ದ.

ತಂಡ ಹುಟ್ಟಿದ್ದೂ ಗಿರಣಿಯಲ್ಲೇ. ಗದ್ದಲ ಮಾಡಿಯೂ ಬೈಸಿಕೊಳ್ಳದೆ ಇರಬಹುದಾದ ಜಾಗ ಆ ಬೀದಿಯಲ್ಲಿ ಅದೊಂದೇ. ಗಂಡಸರು ಮೂವರೂ ಹಿಟ್ಟಿನ ಮೂಟೆಗಳ ಹಿಂದೆ ಬಾರಿಸಿಕೊಂಡಿದ್ದರೆ ಅವಳು ಮುಂದೆ ನಿಂತು ಕಾಳು ಸುರಿಯುತ್ತಿದ್ದಳು. ಗಿರಣಿ ಓಡುವಾಗ 'ನಿಮ್ಮ ಡಬ್ಬ ಆಯ್ತು' ಎಂದು ಹೇಳಬೇಕಾದರೂ ಹೊಕ್ಕಳಿನಿಂದ ಕೂಗಬೇಕು. ಒಂದು ದಿನ ಸಾಲು ತಪ್ಪಿಸಿ ನುಗ್ಗಿದವನೊಬ್ಬನನ್ನು ಅವಳು ಹಾಗೆ ಹೊಕ್ಕಳಿನಿಂದ ಉಗಿದಳು. ಆ ಬೈಗುಳ ಸರಿಯಾಗಿ ತಾಳದ ಮೇಲೆ ಬಂದು ಬಿತ್ತು. ಪಂಕ್ಚರ್ ಕೈಯಿಂದ ಕೋಲು ಜಾರಿತು. ಮೈದುನ ಮೂಟೆಯ ಮೇಲಿಂದ ಕತ್ತು ಚಾಚಿ, "ಅತ್ತಿಗೆ, ಅದನ್ನೇ ಇನ್ನೊಂದು ಸಲ ಬೈಯಿರಿ" ಎಂದ. ಅಲ್ಲಿಂದ ಶುರುವಾದದ್ದು.

ಯಾರೋ ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ ವಿಡಿಯೋ ನೋಡಿ ಸಂಗೀತದ ಕಂಪನಿಯೊಂದು ಅವರನ್ನು ಕರೆಸಿತ್ತು. ಆಲ್ಬಂ ಮಾಡೋಣ ಎಂದಿತ್ತು. ಈಗ ನೋಡಿದರೆ ಇಲ್ಲಿ ಗಂಟಲೇ ಕೈಕೊಟ್ಟಿದೆ.

ಗಂಟಲಿಗೂ ಮೊದಲು ಕೈಕೊಟ್ಟದ್ದು ಶ್ರುತಿ. ಸದಾ ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡಿರುತ್ತಿದ್ದ ಆ ದಢೂತಿ ಮನುಷ್ಯನಿಗೆ ಪಂಕ್ಚರ್ ಆಗಲೇ 'ಕಿವಿಯಣ್ಣ' ಎಂದು ಹೆಸರಿಟ್ಟಾಗಿತ್ತು. ಆ ಕಿವಿಯಣ್ಣ ಗಿಟಾರ್ ಕೇಳಿ ಹುಬ್ಬು ಗಂಟಿಕ್ಕಿದ.

"ಇದು ಯಾವ ಶ್ರುತಿ ಮಾರಾಯರೇ? ಎರಡು ಮನೆ ನಡುವಿನ ಗೋಡೆ ಮೇಲೆ ಬೆಕ್ಕು ಕೂತ ಹಾಗಿದೆ. ಆ ಮನೇದೂ ಅಲ್ಲ, ಈ ಮನೇದೂ ಅಲ್ಲ."

ಮೈದುನ ತಲೆ ಕೆರೆದುಕೊಂಡ. ಶ್ರುತಿ ನೋಡುವ ಆ್ಯಪ್ ಅವನ ಫೋನಿನಲ್ಲೇ ಇತ್ತು. ಆದರೆ ಗಿರಣಿ ಓಡುವಾಗ ಅದು ಗಿರಣಿಯ ಸದ್ದನ್ನೇ ಕೇಳಿಸಿಕೊಂಡು ದಿಕ್ಕೆಟ್ಟು ಮುಳ್ಳು ಅಲ್ಲಾಡಿಸುತ್ತಿತ್ತು. ಬೇಸತ್ತ ಅವನು ಎಂದೋ ಫೋನು ಜೇಬಿಗಿಟ್ಟು, ಕಲ್ಲು ಗುಂಯ್‌ಗುಡುವ ದನಿಗೇ ತಂತಿ ಬಿಗಿದಿದ್ದ. ಮೇಷ್ಟ್ರೂ ಹಾಗೇ ಮಾಡಿದ್ದರು. ಹಾಗೆ ಬಿಗಿಯುತ್ತ ವರ್ಷಗಳೇ ಕಳೆದಿದ್ದವು. ತಾವು ಇಡೀ ತಂಡವನ್ನು ಒಂದು ಮೋಟರಿಗೆ ಕಟ್ಟಿಹಾಕಿದ್ದೇವೆ ಎಂದು ಅವರಿಗೆ ಅಲ್ಲಿ, ಆ ಸ್ಪಂಜಿನ ಕೋಣೆಯಲ್ಲಿ ಗೊತ್ತಾಯಿತು. ಶ್ರುತಿ ಸರಿಮಾಡಿಕೊಂಡರು. ಆದರೆ ಅವಳ ಗಂಟಲನ್ನು ಯಾವ ಕೀಲಿ ತಿರುವಿ ಸರಿಮಾಡುವುದು?

ಕಂಪನಿ ಮೇಡಂ ಒಳ್ಳೆಯ ಹೆಂಗಸು. ಕೂರಿಸಿ, ನೀರು ಕೊಟ್ಟು, ಮೆಲ್ಲಗೆ ಹೇಳಿದರು.

"ಹಾಡುಗಳು ಚೆನ್ನಾಗಿವೆ. ಇಂಥ ಅಬ್ಬರದ ಸಂಗೀತದಲ್ಲಿ, ಅಂದ್ರೆ ಆಲ್ಟರ್ನೇಟಿವ್ ಮೆಟಲ್‌ನಲ್ಲಿ ಇಂಥ ಪದಗಳನ್ನ ನಾನು ಕೇಳಿಲ್ಲ, ಬೆಂಕಿ ಇದೆ. ಆದ್ರೆ ದನಿ ನಿಲ್ತಾ ಇಲ್ಲ. ನಮ್ಮ ಹತ್ರ ಒಬ್ಬ ಹುಡುಗಿ ಇದ್ದಾಳೆ, ಪಳಗಿದ ಗಂಟಲು. ಅವಳ ಹತ್ರ ಹಾಡಿಸ್ತೀವಿ. ಬರೆದವರು ಅಂತ ನಿಮ್ಮ ಹೆಸರು ದೊಡ್ಡದಾಗೇ ಹಾಕ್ತೀವಿ."

"ಬೆಂಕಿ ನಂದು, ಬಾಯಿ ಇನ್ನೊಬ್ಬರದ್ದಾ?" ಎಂದಳು ಗಿರಣಿ ಅಕ್ಕ.

"ಹಾಗಲ್ಲಮ್ಮ..."

"ಮತ್ತೆ ಹೇಗೆ?"

ಮೇಡಂ ನೀರಿನ ಲೋಟ ಅವಳ ಕಡೆ ಸರಿಸಿದರು. ಯೋಚಿಸಿ ವಾರದೊಳಗೆ ತಿಳಿಸಿ ಎಂದು ಕಳಿಸಿಕೊಟ್ಟರು.

ಮರುದಿನ ಗಿರಣಿಯಲ್ಲಿ ಬೆಲ್ಟು ಕಳಚಿ ಎಣ್ಣೆ ಬಿಡುತ್ತಿದ್ದಾಗ ಮೈದುನ ಸುತ್ತಿ ಬಳಸಿ ಮಾತಿಗೆ ಬಂದ.

"ಅತ್ತಿಗೆ, ತಪ್ಪು ತಿಳೀಬೇಡಿ. ಇಂಥ ಅವಕಾಶ ಮತ್ತೆ ಬರುತ್ತೋ ಇಲ್ವೋ. ಆಲ್ಬಂ ಅಂತ ಒಂದು ಬಂದ್ರೆ ಸಾಕಲ್ವಾ? ಯಾರು ಹಾಡಿದ್ರೂ ಹಾಡು ನಮ್ಮದೇ ತಾನೇ?"

ಅವಳು ಎಣ್ಣೆ ಬಿಡುತ್ತಲೇ ಇದ್ದಳು. ಉತ್ತರ ಕೊಟ್ಟವನು ಪಂಕ್ಚರ್.

"ನಿನ್ನ ಗಿಟಾರ್ ಇನ್ನೊಬ್ಬ ಬಾರಿಸ್ತಾನೆ, ನೀನು ಫೋಟೋಗೆ ನಿಂತ್ಕೋ ಅಂದಿದ್ರೆ ಸಾಕಾಗ್ತಿತ್ತಾ ಮಗನೇ ನಿಂಗೆ?"

ಮೈದುನನ ಮುಖ ಹುಳ್ಳಗಾಯಿತು. ಮೇಷ್ಟ್ರು ಕನ್ನಡಕ ಒರೆಸುತ್ತ, ಇಬ್ಬರ ಮಾತಿನಲ್ಲೂ ಅರ್ಥವಿದೆ ಎಂದು ಏನೋ ಶುರುಮಾಡಿದರು. ಮೂಲೆಯಲ್ಲಿ ಜರಡಿ ಹಿಡಿದು ಕೂತಿದ್ದ ಅತ್ತೆ ಅವರ ಮಾತು ಮುಗಿಯಲು ಬಿಡಲಿಲ್ಲ.

"ನಿಮ್ಮ ಮೆಟಲ್ಲೋ ಮಣ್ಣೋ, ನಂಗಂತೂ ಪಾತ್ರೆ ಅಂಗಡಿ ಕಪಾಟು ಕುಸಿದ ಹಾಗೆ ಕೇಳ್ಸುತ್ತೆ. ಚೆನ್ನಾಗಿದೆ ಅಂತ ಸುಳ್ಳು ಹೇಳಲ್ಲ. ಆದ್ರೆ ಇವಳ ಬಾಯಿಗೆ ಈ ಬೀದಿ ಹೆದರುತ್ತೆ. ಅದನ್ನ ಕಿತ್ತು ಇನ್ನೊಬ್ಬಳ ಕುತ್ತಿಗೆಗೆ ಹೊಲೀತಾರಂತಾ? ಇಲ್ಲಿ ಬರೋ ದನಿ ಅಲ್ಲಿ ಬರಲ್ಲ ಅಂದ್ರೆ ಆ ದಪ್ಪಗಿರೋನನ್ನ ಇಲ್ಲಿಗೇ ಕರೀರಿ. ಅವನ ಮಿಷನ್ನಿಗೇನು ಬೇರು ಬಂದಿದ್ಯಾ?"

ಯಾರಿಗೂ ಹೊಳೆಯದಿದ್ದದ್ದು ಅದು. ಮೈದುನ ಮೊದಲು ಫೋನು ತೆಗೆದ. ತಾನು ಆಡಿದ ಮಾತನ್ನು ತೊಳೆದುಕೊಳ್ಳುವ ಅವಸರ ಅವನಿಗೆ.

ತನಗೆ ರಜೆಯಿದ್ದ ದಿನ ಬೆಳಿಗ್ಗೆ ಕಿವಿಯಣ್ಣ ತನ್ನ ಸ್ವಂತ ಮೈಕು, ತಂತಿ, ಪೆಟ್ಟಿಗೆಗಳನ್ನು ಹೊತ್ತು ಬಂದ. ಕಂಪನಿಗೆ ಹೇಳಿರಲಿಲ್ಲ. "ಈ ಶ್ರುತಿ ಎಲ್ಲಿ ಸಿಗುತ್ತೆ ಅಂತ ನೋಡಿ ಹೋಗೋಣ ಅಂತ ಬಂದೆ" ಎಂದು ನಕ್ಕ. ಬಂದವನೇ ಹಿಟ್ಟಿನ ದೂಳು ನೋಡಿ ಗಾಬರಿಯಾಗಿ ಪೆಟ್ಟಿಗೆಗಳಿಗೆಲ್ಲ ಬಟ್ಟೆ ಸುತ್ತಿದ. ಅತ್ತೆ ತಮ್ಮ ಹಳೆಯ ಸೀರೆಗಳನ್ನೇ ಕೊಟ್ಟರು. ಎಲ್ಲ ಮುಗಿಯುವ ಹೊತ್ತಿಗೆ ಆ ಯಂತ್ರಗಳು ಮದುವೆಮನೆಗೆ ಹೊರಟ ಹೆಂಗಸರ ಹಾಗೆ ಸಾಲಾಗಿ ಕೂತಿದ್ದವು.

"ಮೋಟರ್ ಸದ್ದು ಎಲ್ಲಾ ಮೈಕಿಗೂ ನುಗ್ಗುತ್ತೆ. ಆಮೇಲೆ ಬೇಡ ಅಂದ್ರೂ ತೆಗೆಯೋಕಾಗಲ್ಲ" ಎಂದು ಎಚ್ಚರಿಸಿದ.

"ನುಗ್ಗಲಿ" ಎಂದಳು ಗಿರಣಿ ಅಕ್ಕ. "ಅದು ನಮಗಿಂತ ಮೊದಲಿಂದ ಇಲ್ಲಿದೆ."

ಕಲ್ಲು ತಿರುಗಿತು. ಗೋಧಿ ಸುರಿದಳು. ಮೈದುನ, ಮೇಷ್ಟ್ರು ತಂತಿ ಬಿಗಿದರು. ಅವಳು ಬಾಯಿ ತೆರೆದಾಗ ದನಿ ನೆಲದಡಿಯಿಂದ ಎದ್ದು ಬಂದಂತೆ ಬಂತು. ಕಿವಿಯಣ್ಣ ಹೆಡ್‌ಫೋನ್ ಕಿತ್ತು, ಕೈಯಲ್ಲಿ ಹಿಡಿದು ಅವಳನ್ನೇ ನೋಡಿದ. ಹಾಡು ಮುಗಿಯಿತು. ಮುಂದಿನದಕ್ಕೆ ಕೈ ಹಾಕಿದರೆ ಗಿಟಾರು ಅಪಸ್ವರ! ಸಾಲಿನಲ್ಲಿದ್ದ ಮುದುಕನ ಜೋಳವನ್ನು ಅತ್ತೆ ಅಷ್ಟರಲ್ಲಿ ಗಿರಣಿಗೆ ಸುರಿದಾಗಿತ್ತು. ಜೋಳ ಬಿದ್ದರೆ ಕಲ್ಲಿಗೆ ಭಾರ ಹೆಚ್ಚು, ದನಿ ಕೂದಲೆಳೆಯಷ್ಟು ಇಳಿಯುತ್ತದೆ. ಇಷ್ಟು ದಿನ ಅವರು ಗೊತ್ತಿಲ್ಲದೆಯೇ ಕಾಳಿಗೆ ತಕ್ಕಂತೆ ತಂತಿ ಸಡಿಲಿಸಿ ಬಿಗಿದು ಮಾಡುತ್ತಿದ್ದರು.

"ಅಯ್ಯೋ ಅತ್ತೆ, ಇದು ಗೋಧಿ ಹಾಡು!"

"ಹಾಡಿಗೂ ಧಾನ್ಯ ಬೇರೆ ಉಂಟಾ? ಸರಿ." ಅತ್ತೆ ಎದ್ದು ನಿಂತರು. ಸೆರಗು ಸಿಕ್ಕಿಸಿ ಹೊರಗಿನ ಸಾಲಿಗೆ ಕೇಳುವಂತೆ ಕೂಗಿದರು: "ಗೋಧಿಯೋರೆಲ್ಲ ಈ ಕಡೆ, ಜೋಳದೋರು ಆ ಕಡೆ! ಇವತ್ತು ಗಿರಣಿಗೆ ಸಂಗೀತ ಹಿಡಿದಿದೆ!"

ಜೋಳದವರು ಗೊಣಗಿದರು. ತಮ್ಮ ಸರದಿ ಮೊದಲಿತ್ತೆಂದು ಮುದುಕ ಜಗಳಕ್ಕೇ ನಿಂತ. "ನಿಮ್ಮ ಜೋಳಕ್ಕೆ ಒಳ್ಳೊಳ್ಳೆ ಹಾಡು ಎತ್ತಿಟ್ಟಿದೀವಿ ತಾತ, ಸ್ವಲ್ಪ ತಡ್ಕೊಳ್ಳಿ" ಎಂದು ಪಂಕ್ಚರ್ ಪೂಸಿ ಹೊಡೆದ ಮೇಲೆ ಸಮಾಧಾನವಾಯಿತು. ಹಾಗೆ ಮೊದಲರ್ಧ ಆಲ್ಬಂ ಗೋಧಿಯ ಮೇಲೆ ನಡೆಯಿತು, ಉಳಿದರ್ಧ ಜೋಳದ ಮೇಲೆ. ಹಾಡು ನಡೆದಿರುವಾಗ ಕಾಳು ಮುಗಿಯಬಾರದು. ಬರಿ ಕಲ್ಲು ಕಲ್ಲಿಗೆ ಉಜ್ಜಿದರೆ ಎರಡೂ ಹಾಳು. ಅದಕ್ಕೆ ಅತ್ತೆ ಬೊಗಸೆ ಬೊಗಸೆಯಾಗಿ ಸುರಿಯುತ್ತ ನಿಂತರು. ಕೊನೆಯ ಹಾಡಿನಲ್ಲಿ ಮಾತ್ರ ಕಾಳು ಮುಗಿಯುತ್ತ ಬಂತು. ಕಲ್ಲಿನ ದನಿ ಮೆಲ್ಲಗೆ ಮೇಲೇರತೊಡಗಿತು. ಗಿರಣಿ ಅಕ್ಕ ಬಿಡಲಿಲ್ಲ, ಅದರ ಬೆನ್ನು ಹತ್ತಿ ತಾನೂ ಏರಿದಳು, ಕತ್ತಿನ ನರ ಹಗ್ಗವಾಯಿತು. ಅದೇ ಹೊತ್ತಿಗೆ ಅತ್ತೆ, "ಈ ಮುಚ್ಚಳ ಇಲ್ಲದ ಡಬ್ಬ ಯಾರದು?" ಎಂದು ಕೂಗಿದ್ದೂ ರೆಕಾರ್ಡಾಯಿತು. ತೆಗೆಯಲೇ ಎಂದು ಕಿವಿಯಣ್ಣ ಕೇಳಿದ. ಎಲ್ಲರೂ ಒಟ್ಟಿಗೆ, "ಬೇಡ" ಎಂದರು.

ಕಿವಿಯಣ್ಣ ಒಯ್ದು ಕೊಟ್ಟದ್ದನ್ನು ಕಂಪನಿ ಮೇಡಂ ಪೂರ್ತಿ ಕೇಳಿದರು. ದನಿ ಅದ್ಭುತ, ಗಿರಣಿ ಅಸಹ್ಯ ಎಂದರು. ಕಂಪ್ಯೂಟರಿನಲ್ಲಿ ಮೋಟರಿನ ಸದ್ದು ಸೋಸಿಸಿ ಕಳಿಸಿದರು. ನಾಲ್ವರೂ ಫೋನಿನ ಸುತ್ತ ಕೂತು ಕೇಳಿದರು. ಮೋಟರು ಹೋಗಿತ್ತು, ಜೊತೆಗೆ ಅವಳ ದನಿಯ ಮಾಂಸವೂ ಹೋಗಿತ್ತು. ಪುಕ್ಕ ಕಿತ್ತ ಕೋಳಿ ಚಳಿಯಲ್ಲಿ ನಡುಗಿದಂತೆ ಕೇಳಿಸಿತು.

ಅವಳು ಅಲ್ಲೇ ಮೇಡಂಗೆ ಫೋನ್ ಹಚ್ಚಿದಳು. "ಮೇಡಂ, ನೀವು ಕೆಟ್ಟೋರಲ್ಲ. ಆದ್ರೆ ಇದು ನಾನಲ್ಲ. ನಾನಲ್ಲದ್ದಕ್ಕೆ ನನ್ನ ಹೆಸರು ಹಾಕೋದು ಬೇಡ. ನಾವೇ ತರ್ತೀವಿ."

"ಯಾರೂ ಕೇಳಲ್ಲಮ್ಮ."

"ಕೇಳದೆ ಇರಲಿ. ನಾವು ಹಾಡಿದ್ದು ಹಾಡಿದ್ದೇ."

ಆಲ್ಬಂಗೆ 'ತರಿ' ಎಂದು ಹೆಸರಿಟ್ಟರು. ನುಣ್ಣಗೆ ಬೀಸದ ಹಿಟ್ಟಿಗೆ ಹಾಗೆನ್ನುವುದು. ಮೇಷ್ಟ್ರು ಸೊಟ್ಟಗಾದ ಡಬ್ಬವೊಂದರ ಚಿತ್ರ ಬರೆದರು. ಮೈದುನ ಅಂಗಡಿಯ ಕಂಪ್ಯೂಟರಿನಿಂದ ಅದನ್ನು ಲೋಕಕ್ಕೆ ಬಿಟ್ಟ.

ಲೋಕ ಮೊದಲು ತಿರುಗಿಯೂ ನೋಡಲಿಲ್ಲ. ಬಳಿಕ ಒಬ್ಬೊಬ್ಬರೇ ಬಾಯಿಬಿಟ್ಟರು. ಗಂಡ ರಸ್ತೆಯಿಂದ ಫೋನ್ ಮಾಡಿ, "ನಿನ್ನ ಹಾಡು ಹಾಕಿದ್ನೇ, ನಮ್ಮ ಕ್ಲೀನರ್ ಎಂಜಿನ್ ಹೋಯ್ತು ಅಂತ ಲಾರಿ ನಿಲ್ಲಿಸೋಕೆ ಹೇಳಿ ಬಾನೆಟ್ ಎತ್ತಿಬಿಟ್ಟ" ಎಂದು ನಗುತ್ತ ನಗುತ್ತ ಕೆಮ್ಮಿದ. ನಾದಿನಿ ಮಾತ್ರ ತಾಯಿಯನ್ನು ಕಾಡಿದಳು: "ಅಮ್ಮ, ನಮ್ಮೋರ ಮುಂದೆ ತಲೆ ಎತ್ತೋಕಾಗ್ತಿಲ್ಲ. ಹೆಂಗಸು ಹಾಗೆ ಅರಚಬಾರದು ಅಂತ ಹೇಳು ಅವಳಿಗೆ." ಅತ್ತೆ, "ನಾನು ದಿನಾ ಹೇಳ್ತೀನಿ. ಸದ್ದಿಗೆ ಅವಳಿಗೆ ಕೇಳ್ಸಲ್ಲ" ಎಂದು ಫೋನು ಇಟ್ಟರು. ಸಾಲಿನಲ್ಲಿ ನಿಲ್ಲುವ ಹೆಂಗಸರಲ್ಲಿ ಒಬ್ಬಳು, "ಅರ್ಥ ಆಗ್ಲಿಲ್ಲ ಅಕ್ಕ. ಆದ್ರೆ ಅದನ್ನ ಹಾಕ್ಕೊಂಡು ಪಾತ್ರೆ ತಿಕ್ಕಿದ್ರೆ ಪಾತ್ರೆ ಬೇಗ ಆಗುತ್ತೆ" ಎಂದಳು. ಗಿರಣಿ ಅಕ್ಕನಿಗೆ ಬಂದ ವಿಮರ್ಶೆಗಳಲ್ಲಿ ಇಷ್ಟವಾದದ್ದು ಇದೊಂದೇ.

ಬರೆದು ಬಂದ ವಿಮರ್ಶೆಗಳು ಬೇರೆ ಥರದವು. ಸಂಗೀತದ ಪತ್ರಿಕೆಯೊಂದು 'ತರಿ'ಯನ್ನು ಹೊತ್ತು ಮೆರೆಸಿತು. ಮೇಷ್ಟ್ರು ಅದನ್ನು ಎಲ್ಲರಿಗೂ ಓದಿ ಹೇಳಿದರು. "ಈ ಆಲ್ಬಂನ ನಿಜವಾದ ತಾರೆ ಗಿರಣಿ. ಒಂದು ಯಂತ್ರವನ್ನೇ ಗಾಯಕಿಯಾಗಿಸಿದ ಧೈರ್ಯ ಮೆಚ್ಚಬೇಕು. ಅದರ ಮುಂದೆ ಮನುಷ್ಯ ದನಿ ನೆಪಮಾತ್ರ..." ಓದುತ್ತ ಓದುತ್ತ ಮೇಷ್ಟ್ರ ದನಿ ತಗ್ಗಿತು. ಮುಂದಿನ ವಾರ ಬೇರೆಯವರು ಬರೆದದ್ದೂ ಅದೇ ರಾಗ. ಗಿರಣಿಯ ಫೋಟೋ ತೆಗೆಯಲು ಜನ ಬಂದರು. "ಸ್ವಲ್ಪ ಪಕ್ಕಕ್ಕೆ ಬನ್ನಿ ಮೇಡಂ, ಮೋಟರ್ ಕಾಣ್ತಿಲ್ಲ" ಎಂದರು.

ಅತ್ತೆಗೆ ಮೊದಮೊದಲು ಖುಷಿಯೋ ಖುಷಿ. "ನೋಡಿದ್ಯಾ, ನನ್ನ ಗಿರಣಿ ನಿನಗಿಂತ ಚೆನ್ನಾಗಿ ಹಾಡುತ್ತಂತೆ." ಸೊಸೆ ನಗಲಿಲ್ಲ. ಕಾಳಿನ ಮೂಟೆಯ ಮೇಲೆ ಕೂತುಬಿಟ್ಟಳು.

"ಅವರು ಹೇಳೋದು ನಿಜ ಇರ್ಬೇಕು ಅತ್ತೆ. ಸ್ಟುಡಿಯೋದಲ್ಲಿ ನನ್ನ ಬಾಯಿಂದ ಏನೂ ಬರ್ಲಿಲ್ಲ. ಮೋಟರ್ ಇಲ್ದೆ ಇದ್ರೆ ನಾನೇನೂ ಅಲ್ಲ."

ಅತ್ತೆ ಜರಡಿ ಕೆಳಗಿಟ್ಟರು.

"ಕರೆಂಟ್ ಹೋದಾಗ ನನ್ನ ಮೇಲೆ ಕೂಗಾಡ್ತೀಯಲ್ಲ, ಆವಾಗ ಯಾವ ಮೋಟರ್ ಓಡ್ತಿರುತ್ತೆ?"

"ಅದು ಬೇರೆ."

"ಏನು ಬೇರೆ? ಆವಾಗ ನಿಂಗೆ ಯಾರೂ ಮಾರ್ಕು ಹಾಕ್ತಿರಲ್ಲ, ಅಷ್ಟೇ. ಆ ಗಾಜಿನ ಕೋಣೇಲಿ ಒಳ್ಳೆಯವಳು ಅನ್ನಿಸ್ಕೊಳ್ಳೋಕೆ ಹೋದೆ. ಒಳ್ಳೆಯವಳ ಗಂಟಲು ನಿಂಗೆಲ್ಲಿಂದ ಬರ್ಬೇಕು?"

ಸೊಸೆ ಎದ್ದು ಹೋಗಿ ಮುಂದಿನ ಡಬ್ಬ ಎತ್ತಿಕೊಂಡಳು.

ಅದೇ ಪತ್ರಿಕೆಯವರು ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ ಇಟ್ಟು 'ಹೊಟ್ಟು' ತಂಡವನ್ನು ಕರೆದರು. ಸಂಜೆ ಇವರು ಹೋಗುವಷ್ಟರಲ್ಲಿ ವೇದಿಕೆಯ ಎರಡೂ ಕಡೆ ಆಳೆತ್ತರದ ಸ್ಪೀಕರುಗಳು. ಸೌಂಡ್ ನೋಡಿಕೊಳ್ಳುವವನು ಹೆಮ್ಮೆಯಿಂದ ಹೇಳಿದ: "ನಿಮ್ಮ ಗಿರಣಿ ಸದ್ದು ರೆಕಾರ್ಡಿಂದ ತೆಗೆದಿಟ್ಟಿದೀವಿ. ಹಿಂದಿನಿಂದ ಬಿಡ್ತೀವಿ. ಜನ ಬಂದಿರೋದೇ ಅದಕ್ಕೆ."

"ಬೇಡ" ಎಂದಳು ಅವಳು.

ಮೈದುನ ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಕರೆದ. "ಅತ್ತಿಗೆ, ಗಟ್ಟಿ ಮನಸ್ಸಿಂದ ಹೇಳ್ತಿದೀರಾ? ಸ್ಟುಡಿಯೋದಲ್ಲಿ ಆದ ಹಾಗೆ ಆದ್ರೆ?"

"ಆದ್ರೆ ಆಗಲಿ. ನಿನ್ನ ತಂತಿ ಬಿಗಿ ಇದ್ಯಾ?"

"ಬೆಳಿಗ್ಗೆ ಗೋಧಿಗೆ ಬಿಗಿದು ತಂದಿದೀನಿ."

"ಸಾಕು."

ಸೌಂಡಿನವನಿಗೆ ಆ 'ಬೇಡ' ಹಿಡಿಸಲಿಲ್ಲ. ಸಂಕೋಚಕ್ಕೆ ಹೇಳಿರಬೇಕು ಎಂದುಕೊಂಡ. ಪಂಕ್ಚರ್ ಕೋಲಿನಿಂದ ತಾಳ ಎಣಿಸಿ ಹೊಡೆದ ತಕ್ಷಣ ಸ್ಪೀಕರಿನಿಂದ ಗಿರಣಿ ಗುಡುಗಿತು. ಸಭಾಂಗಣ ಸಿಳ್ಳೆ ಹೊಡೆಯಿತು. ಬೆಚ್ಚನೆಯ ಹೊದಿಕೆಯಂಥ ಸದ್ದು. ಅದರೊಳಗೆ ಹೊಕ್ಕು ಹಾಡಿಬಿಟ್ಟರೆ ಮುಗಿಯಿತು, ಯಾರಿಗೂ ಏನೂ ಗೊತ್ತಾಗದು. ಒಂದು ಗಳಿಗೆ ಅವಳಿಗೂ ಹಾಗೆನ್ನಿಸಿತು. ಆಮೇಲೆ ಕೈ ಎತ್ತಿದಳು. ಡ್ರಮ್ಸ್ ನಿಂತಿತು, ಗಿಟಾರು ನಿಂತಿತು. ಗಿರಣಿ ಒಂದೇ ಓಡುತ್ತಿತ್ತು.

"ಅದನ್ನ ಆಫ್ ಮಾಡಿ" ಎಂದಳು ಮೈಕಿನಲ್ಲಿ.

ಸೌಂಡಿನವನು ಕೈ ಆಡಿಸಿದ. ಸದ್ದು ಸತ್ತಿತು. ಅಷ್ಟು ಜನ ತುಂಬಿದ್ದ ಸಭಾಂಗಣದಲ್ಲಿ ಕುರ್ಚಿ ಕಿರುಗುಟ್ಟಿದ್ದೂ ಕೇಳುವಂತಾಯಿತು.

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಗಿರಣಿ ಹಾಕ್ರಪ್ಪೋ!"

ನಾಲ್ಕಾರು ಜನ ನಕ್ಕರು. ಚಪ್ಪಾಳೆಯೂ ಬಿತ್ತು. ಅವಳು ಕಣ್ಣು ಕಿರಿದು ಮಾಡಿ ಆ ಕಡೆ ನೋಡಿದಳು, ಸಾಲು ತಪ್ಪಿಸಿ ನುಗ್ಗುವವರನ್ನು ನೋಡುವ ಹಾಗೆ.

"ಹಿಟ್ಟು ಬೇಕಾದ್ರೆ ನಾಳೆ ಬೆಳಿಗ್ಗೆ ಡಬ್ಬ ತಗೊಂಡು ಬಾರಪ್ಪ. ಚೆನ್ನಾಗಿ ಬೀಸಿ ಕೊಡ್ತೀನಿ. ಈಗ ನಾನಿದೀನಿ, ನನ್ನ ಕೇಳು."

ತಾಳ ಶುರುವಾಯಿತು. ಅವಳು ಹಾಡಿದಳು:

"ಮೆಲ್ಲಗೆ, ಮೆಲ್ಲಗೆ ಅಂದೋರೇ,
ನಾನು ಬಾಗಿಲಲ್ಲ, ತಟ್ಟಿ ಹೋಗೋಕೆ!"

ಎರಡನೆಯ ಸಾಲಿನಲ್ಲಿ ದನಿ ಸೀಳಿತು. ಸ್ಟುಡಿಯೋದಲ್ಲಿ ಸೀಳಿದ ಜಾಗದಲ್ಲೇ. ಮೈದುನನ ಬೆರಳು ತಂತಿಯ ಮೇಲೆ ತಡವರಿಸಿದ್ದು ಅವಳಿಗೆ ಕೇಳಿಸಿತು. ಮುಂದಿನ ಕುರ್ಚಿಗಳಲ್ಲಿ ಯಾರೋ ಮುಖ ಹಿಂಡಿದ್ದು ಕಾಣಿಸಿತು. ಅವಳು ನಿಲ್ಲಿಸಲಿಲ್ಲ, ಸೀಳನ್ನು ಮುಚ್ಚಲೂ ಹೋಗಲಿಲ್ಲ. ಆ ಹರಿದ ದನಿಯನ್ನೇ ಹಿಡಿದು ಎಳೆದಳು, ಇನ್ನೂ ಹರಿಯಲಿ ಎಂಬಂತೆ. ಅದರಡಿಯಿಂದ ಬೇರೊಂದು ದನಿ ಎದ್ದಿತು. ಗಿರಣಿಯಲ್ಲಿ ಬರುತ್ತಿದ್ದಷ್ಟು ದಪ್ಪವಲ್ಲ, ದುಂಡನೆಯದೂ ಅಲ್ಲ. ಒರಟು, ಮೊಂಡು, ಒಂಟಿ ದನಿ. ಇದು ತನಗೆ ಮೊದಲ ಸಲ ಕೇಳಿಸುತ್ತಿದೆ ಎಂದು ಅವಳಿಗೆ ಅನ್ನಿಸಿತು. ಇಷ್ಟು ವರ್ಷ ಸದ್ದಿನಲ್ಲಿ ತನ್ನ ದನಿ ಹೇಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.

ಕೆಲವರು ಎದ್ದು ಹೋದರು. ಮೊದಲ ಸಾಲಿನಲ್ಲಿದ್ದ ಅತ್ತೆ ಎರಡೂ ಕಿವಿಗೆ ಬೆರಳು ತುರುಕಿಕೊಂಡು, ಹೋಗುತ್ತಿದ್ದವರ ಕಡೆ ಕತ್ತು ತಿರುಗಿಸಿ, "ಕೂತ್ಕೊಳ್ರೋ, ಇನ್ನೂ ಮುಗ್ದಿಲ್ಲ!" ಎಂದು ಗದರಿದರು. ಉಳಿದವರಲ್ಲಿ ಒಂದಿಷ್ಟು ಜನ ಕುರ್ಚಿ ಬಿಟ್ಟು ವೇದಿಕೆಯ ಹತ್ತಿರಕ್ಕೆ ಬಂದು ನಿಂತರು.

ಹಾಡು ಮುಗಿದಾಗ ಅವಳ ಗಂಟಲು ಕೆಂಡದ ಹಾಗೆ ಉರಿಯುತ್ತಿತ್ತು. ಮೇಷ್ಟ್ರು ನೀರಿನ ಬಾಟಲಿ ಚಾಚಿದರು. ಒಂದು ಗುಟುಕು ಕುಡಿದು, ಪಂಕ್ಚರ್ ಕಡೆ ತಿರುಗಿ, ಮುಂದಿನದು ಶುರು ಮಾಡು ಎಂದು ಗದ್ದ ಎತ್ತಿದಳು.